ಎನ್‌ಬಿಎ ಪಂದ್ಯ: ರಾಷ್ಟ್ರೀಯ ಪ್ರಸಾರವೋ, ಲೀಗ್ ಪಾಸೋ?

ಅಮೆರಿಕದಲ್ಲಿ ಕೂತು ಎನ್‌ಬಿಎ (ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ನೋಡುವವರಿಗೆ ಮೊದಲ ಪ್ರಶ್ನೆ: ನಿಮಗೆ ದೊಡ್ಡ ಪಂದ್ಯಗಳು ಬೇಕಾ, ಒಂದೇ ತಂಡ ಬೇಕಾ?

ದೊಡ್ಡ ಪಂದ್ಯ ಸಾಕು ಅಂದ್ರೆ ರಾಷ್ಟ್ರೀಯ ಪ್ರಸಾರವೇ ಸರಿ. 2025-26ರಿಂದ ಇದು ಇಎಸ್‌ಪಿಎನ್-ಎಬಿಸಿ, ಎನ್‌ಬಿಸಿ-ಪೀಕಾಕ್ ಮತ್ತು ಅಮೆಜಾನ್ ಪ್ರೈಮ್ ವಿಡಿಯೋ ನಡುವೆ ಹಂಚಿಹೋಗಿದೆ. ಎಲ್ಲವನ್ನೂ ನೋಡೋಕೆ ಹೋದರೆ ಚಂದಾ ಜಾಸ್ತಿ. ಫೈನಲ್ಸ್ ಮಾತ್ರ ಎಬಿಸಿಯಲ್ಲೇ.

ಒಂದೇ ತಂಡ ಬೇಕು ಅಂದ್ರೆ ಲೀಗ್ ಪಾಸ್, ಅಂದ್ರೆ ಎನ್‌ಬಿಎಯದ್ದೇ ಚಂದಾ ಸ್ಟ್ರೀಮಿಂಗ್ ಸೇವೆ. ಅದರ ರುಚಿ ಬೇರೆ. ತವರು ತಂಡದ ಕಾಮೆಂಟರಿ ಬೇಕೋ, ಎದುರಾಳಿಯದ್ದೋ ಅಂತ ಆರಿಸಬಹುದು. ನ್ಯೂಯಾರ್ಕ್‌ನ ನಿಕ್ಸ್ ತಂಡದ ಪಂದ್ಯವನ್ನೇ ನೋಡಿ. 1970 ಮತ್ತು 1973ರಲ್ಲಿ ಆ ತಂಡಕ್ಕೆ ಚಾಂಪಿಯನ್‌ಷಿಪ್ ಗೆದ್ದುಕೊಟ್ಟ ವಾಲ್ಟ್ ಫ್ರೇಜಿಯರ್ ಮುಂದೆ ಅದರ ಕಾಮೆಂಟೇಟರ್ ಆದರು. ಪ್ರಾಸ ಕಟ್ಟಿ ಮಾತಾಡೋದು ಅವರ ಖಯಾಲಿ. ಪಕ್ಷಪಾತ ಇಲ್ವಾ? ಇದ್ದೇ ಇರುತ್ತೆ, ಆದರೆ ಬೆಂಚಿನ ಕೊನೆಯ ಆಟಗಾರನ ಬಗ್ಗೆಯೂ ಇಂಥ ಪ್ರಸಾರದವರಿಗೆ ಗೊತ್ತಿರುತ್ತೆ. ರಾಷ್ಟ್ರೀಯ ಚಾನೆಲ್‌ನಲ್ಲಿ ಸ್ಟಾರ್‌ಗಳ ಮಾತೇ ಜಾಸ್ತಿ.

ತೊಡಕು ಒಂದಿದೆ. ನಿಮ್ಮ ಊರಿನ ತಂಡದ ಪಂದ್ಯಗಳು ಲೀಗ್ ಪಾಸ್‌ನಲ್ಲಿ ಲೈವ್ ಬರುವುದಿಲ್ಲ. ರಾಷ್ಟ್ರೀಯ ಪ್ರಸಾರಕ್ಕೆ ಹೋದ ಪಂದ್ಯಗಳದ್ದೂ ಅದೇ ಕಥೆ. ಹಾಗಾಗಿ ಬೋಸ್ಟನ್‌ನಲ್ಲಿದ್ದು ಆ ಊರಿನದೇ ತಂಡವಾದ ಸೆಲ್ಟಿಕ್ಸ್‌ಗಾಗಿ ಲೀಗ್ ಪಾಸ್ ಕೊಳ್ಳುವುದು ಸುಮ್ನೆ ದುಡ್ಡು ದಂಡ. ಅಲ್ಲಿ ಸ್ಥಳೀಯ ಚಾನೆಲ್ ತಗೊಳ್ಳಿ. ಬೋಸ್ಟನ್‌ನಲ್ಲಿದ್ದು ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡದ ಅಭಿಮಾನಿಯಾಗಿದ್ದರೆ ಲೀಗ್ ಪಾಸೇ ಸರಿ.