ಕಾರ್ನೆಲ್ ಟೆಕ್‌ಗೆ ಹೋಗಲು: ಟ್ರಾಮೋ, ಸಬ್‌ವೇನೋ, ಸೈಕಲ್ಲೋ?

ಕಾರ್ನೆಲ್ ಟೆಕ್‌ನಲ್ಲಿ ಸೀಟು ಸಿಕ್ಕಿದೆಯಾ? ಮನೆ ಹುಡುಕುವ ಮೊದಲು ದಾರಿ ನೋಡಿ. 2017ರಲ್ಲಿ ತೆರೆದ, ಕಾರ್ನೆಲ್ ವಿಶ್ವವಿದ್ಯಾಲಯದ ಈ ಕ್ಯಾಂಪಸ್ ಇರೋದು ನ್ಯೂಯಾರ್ಕ್‌ನ ಈಸ್ಟ್ ನದಿಯ ನಡುವೆ, ರೂಸ್ವೆಲ್ಟ್ ದ್ವೀಪದಲ್ಲಿ. ನದಿಯ ಒಂದು ದಡ ಮ್ಯಾನ್‌ಹಟನ್, ಇನ್ನೊಂದು ದಡ ಕ್ವೀನ್ಸ್.

ಮ್ಯಾನ್‌ಹಟನ್‌ನ ಎರಡನೇ ಅವೆನ್ಯೂ ಕಡೆ ಮನೆಯಾದರೆ 1976ರಿಂದ ಓಡುತ್ತಿರುವ ಟ್ರಾಮ್ ಒಳ್ಳೆಯದು. ಹಗ್ಗಕ್ಕೆ ತೂಗುವ ಡಬ್ಬಿ, ಐದು ನಿಮಿಷದೊಳಗೆ ನದಿ ದಾಟಿಸುತ್ತದೆ. ಟಿಕೆಟ್ ದರ ಸಬ್‌ವೇ, ಅಂದರೆ ಅಲ್ಲಿನ ಮೆಟ್ರೊ ರೈಲಿನಷ್ಟೇ. ಇಳಿದರೆ ಕ್ಯಾಂಪಸ್ ಹತ್ತಿರ. ಆದರೆ ಜೋರು ಗಾಳಿಗೆ ನಿಂತುಬಿಡುತ್ತದೆ, ವಸಂತದಲ್ಲಿ ಚೆರ್ರಿ ಹೂ ನೋಡುವವರ ಕ್ಯೂ ಜಾಸ್ತಿ.

ಸಬ್‌ವೇಗೆ ಗಾಳಿಯ ಹಂಗಿಲ್ಲ. ಮ್ಯಾನ್‌ಹಟನ್, ಕ್ವೀನ್ಸ್ ಎರಡೂ ಕಡೆಗೆ ಸಿಗುತ್ತದೆ. 1989ರಲ್ಲಿ ತೆರೆದ ದ್ವೀಪದ ನಿಲ್ದಾಣ ಸುಮಾರು 30 ಮೀಟರ್ ಆಳದಲ್ಲಿದೆ. ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಬೇಕು, ಆ ಸಮಯವನ್ನೂ ಲೆಕ್ಕ ಹಾಕಿ. ಅಲ್ಲಿಂದ ನಡೆಯಬಹುದು. ಮಳೆ ಬಂದರೆ ದ್ವೀಪದ ಕೆಂಪು ಬಸ್ ಇದೆ, ಪುಕ್ಕಟೆ!

ಸೈಕಲ್‌ನವರು ಮ್ಯಾಪ್ ನೋಡಿ ಮೋಸಹೋಗಬೇಡಿ. ಕ್ವೀನ್ಸ್‌ಬರೋ ಸೇತುವೆ ದ್ವೀಪದ ತಲೆಯ ಮೇಲೇ ಹಾದುಹೋಗುತ್ತದೆ, ಇಳಿಯಲು ದಾರಿಯೇ ಇಲ್ಲ! ಕ್ವೀನ್ಸ್‌ವರೆಗೆ ತುಳಿದು, 36ನೇ ಅವೆನ್ಯೂ ಬಳಿಯ ಸಣ್ಣ ಸೇತುವೆಯಿಂದ ಹಿಂದಿರುಗಬೇಕು. ದಿನಾ ಇಷ್ಟು ಸುತ್ತು ಯಾರಿಗೆ ಬೇಕು ಅಲ್ವಾ? ನಡೆದು ಬರುವವರಿಗೂ ಆ ಸಣ್ಣ ಸೇತುವೆಯೊಂದೇ ಗತಿ.

ಅದಕ್ಕೇ ಸೈಕಲ್ ಇಷ್ಟಪಡುವವರು, ನಡೆಯುವವರು ಕ್ವೀನ್ಸ್‌ನ ಆಸ್ಟೋರಿಯಾ ಕಡೆ ಮನೆ ನೋಡಿ. ಅಲ್ಲಿಂದ ಫೆರಿಯೂ ಇದೆ, ಟಿಕೆಟ್ ಮಾತ್ರ ಬೇರೆ.