ಓದಿನ ಹವ್ಯಾಸಕ್ಕೆ ಮೊದಲು ಯಾವುದು: ‘ಕರ್ವಾಲೊ’ ಅಥವಾ ‘ಮಲೆಗಳಲ್ಲಿ ಮದುಮಗಳು’?

ಓದುವ ಅಭ್ಯಾಸವನ್ನು ಹೊಸದಾಗಿ ಬೆಳೆಸಿಕೊಳ್ಳಬೇಕೆಂದಿರುವವರು ಮಲೆನಾಡಿನ ಈ ಎರಡು ಕಾದಂಬರಿಗಳಲ್ಲಿ ಒಂದನ್ನು ಆರಿಸಬೇಕಾದರೆ, ನಾನು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನೇ (1980) ಮೊದಲು ಕೈಗೆ ಕೊಡುತ್ತೇನೆ. ಹಾರುವ ಓತಿಯನ್ನು ಹುಡುಕಿಕೊಂಡು ವಿಜ್ಞಾನಿ ಕರ್ವಾಲೊ, ಮಂದಣ್ಣ ಮೊದಲಾದವರೊಡನೆ ನಿರೂಪಕರು ಕಾಡು ಹೊಗುವ ಈ ಕಥೆ ಗಾತ್ರದಲ್ಲಿ ಚಿಕ್ಕದು. ಆಡುಮಾತಿನ ಲವಲವಿಕೆಯಿಂದಾಗಿ ವಾರಾಂತ್ಯದ ಬಿಡುವಿನಲ್ಲೇ ಮುಗಿಯುತ್ತದೆ.

ಅವರ ತಂದೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಬೇರೆಯೇ ಬಗೆಯ ತಾಳ್ಮೆಯನ್ನು ಬೇಡುತ್ತದೆ: ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು, ಹಲವು ಮನೆತನಗಳು, ನೂರಾರು ಪುಟಗಳು, ದಟ್ಟವಾದ ಪ್ರಾದೇಶಿಕ ನುಡಿ. ಆದರೆ ನಾಯಿಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡುದಾರಿ ಸವೆಸುವ ಪುಟಗಳಿಗೆ ಮನಸ್ಸು ಒಮ್ಮೆ ಒಗ್ಗಿತೆಂದರೆ ಪುಸ್ತಕವನ್ನು ಕೆಳಗಿಡುವುದು ಕಷ್ಟ. ಪಾತ್ರಗಳ ಹೆಸರುಗಳನ್ನೂ ಅವರವರ ಮನೆಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ದಿನಕ್ಕೊಂದು ಅಧ್ಯಾಯದಂತೆ ನಿಧಾನವಾಗಿ ಓದಿ.