ಒಂದೇ ಪುಸ್ತಕ, ಇಬ್ಬರ ಪೆನ್ಸಿಲ್

ಕಳೆದ ಜೂನ್‌ನಿಂದ ಈಚೆಗೆ ನಾನು ಮತ್ತು ನನ್ನ ಅಕ್ಕನ ಮಗಳು ಸೇರಿ ಐದು ಇಂಗ್ಲಿಷ್ ಪ್ರೇಮ ಕಾದಂಬರಿ ಓದಿದೆವು. ಹರೆಯದವರಿಗೆ ಅಂತಲೇ ಬರೆದ ಕಾದಂಬರಿಗಳು. ಪುಸ್ತಕದಂಗಡಿಯಲ್ಲಿ ‘ಯಂಗ್ ಅಡಲ್ಟ್’ ಅಂತ ಇವಕ್ಕೆ ಬೇರೆ ಕಪಾಟೇ ಇರುತ್ತದೆ. ಅವಳಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ತುಮಕೂರಿನ ಕಾಲೇಜಿಗೆ ಬರುತ್ತಾಳೆ. ನನಗೆ 32. ತುಮಕೂರಿನಿಂದ ದಿನಾ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ, ಒಂದು ಆಫೀಸಿನಲ್ಲಿ ಲೆಕ್ಕ ಬರೆದು ಬರುತ್ತೇನೆ. ಪುಸ್ತಕ ಒಂದೇ. ಮೊದಲು ನಾನು ರೈಲಿನಲ್ಲಿ ಓದಬೇಕು, ಆಮೇಲೆ ಅವಳು ಬಸ್ಸಿನಲ್ಲಿ. ಅಂಚಿನಲ್ಲಿ ಪೆನ್ಸಿಲಿನಿಂದ ಏನು ಬೇಕಾದರೂ ಬರೆಯಬಹುದು, ಪೆನ್ನು ಮಾತ್ರ ಬೇಡ. ಇದು ನಾವೇ ಮಾಡಿಕೊಂಡ ನಿಯಮ.

ಇವು ಟೈಂಪಾಸ್ ಪುಸ್ತಕ ಅಂತ ನನ್ನ ಜೊತೆ ಓಡಾಡುವವರೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಿಕಾಂಗೆ ಸೇರಿದಾಗ ಇಂಗ್ಲಿಷ್ ಅಂದರೆ ಹೊಟ್ಟೆಯಲ್ಲಿ ಸಂಕಟ. ನಾನು ಮೊದಲ ಪುಟದಿಂದ ಕೊನೇ ಪುಟದವರೆಗೆ ಓದಿ ಮುಗಿಸಿದ ಮೊದಲ ಇಂಗ್ಲಿಷ್ ಪುಸ್ತಕ ಇಂಥದ್ದೇ ಒಂದು ಪ್ರೇಮಕಥೆ. ಚಿಕ್ಕ ಚಿಕ್ಕ ವಾಕ್ಯ. ಹುಡುಗಿ ತಾನೇ ‘ನಾನು’ ಅಂತ ಕಥೆ ಹೇಳುತ್ತಾಳೆ. ಅರ್ಧ ಪುಟ ಬರೀ ಮಾತುಕತೆ. ಡಿಕ್ಷನರಿ ತೆಗೆಯುವಷ್ಟರಲ್ಲಿ ಮುಂದೇನಾಯ್ತು ಅನ್ನುವ ಆಸೆ ಹೆಚ್ಚಾಗಿ, ಗೊತ್ತಿಲ್ಲದ ಪದವನ್ನು ಹಾಗೇ ದಾಟಿಕೊಂಡು ಹೋಗುತ್ತೇವೆ. ಮೂರು ಸಲ ದಾಟಿದ ಮೇಲೆ ಆ ಪದ ತಾನಾಗಿಯೇ ಅರ್ಥವಾಗಿರುತ್ತದೆ. ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸೂ ನನಗೆ ಇಷ್ಟು ಕಲಿಸಲಿಲ್ಲ.

ಜಾನ್ ಗ್ರೀನ್ ಬರೆದ ‘ದ ಫಾಲ್ಟ್ ಇನ್ ಅವರ್ ಸ್ಟಾರ್ಸ್’ನಿಂದ ಶುರು ಮಾಡಿದೆವು. 2012ರ ಪುಸ್ತಕ. ಹೇಜಲ್‌ಗೆ 16 ವರ್ಷ. ಥೈರಾಯ್ಡ್ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆ, ಹೋದಲ್ಲೆಲ್ಲ ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು ಹೋಗಬೇಕು. ಅವಳು ಪ್ರೀತಿಸುವ ಹುಡುಗ ಅಗಸ್ಟಸ್‌ನ ಒಂದು ಕಾಲನ್ನು ಮೂಳೆ ಕ್ಯಾನ್ಸರ್ ತೆಗೆದುಕೊಂಡಿದೆ. ಇದನ್ನು ಓದುತ್ತಾ ನಿಡವಂದ ಬರುವಷ್ಟರಲ್ಲಿ ನಾನು ಅಳುತ್ತಿದ್ದೆ. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಅಮ್ಮ ನೀರಿನ ಬಾಟಲಿ ಕೊಟ್ಟು, ‘ಮನೇಲಿ ಏನಾದ್ರೂ ಆಯ್ತೇನವ್ವಾ?’ ಅಂದರು. ಪುಸ್ತಕ ತೋರಿಸಿದೆ. ಕಥೆ ಹೇಳು ಅಂದರು. ಚಿಕ್ಕಬಾಣಾವರದವರೆಗೆ ಕನ್ನಡದಲ್ಲಿ ಪೂರ್ತಿ ಹೇಳಿಕೊಂಡು ಹೋದೆ. ಅವರು ಹುಡುಗನ ಬಗ್ಗೆ ಜಾಸ್ತಿ ಕೇಳಲಿಲ್ಲ. ‘ಆ ಮಗೀನ ತಾಯಿ ಹೆಂಗೆ ತಡ್ಕೊಂಡ್ಳು?’ ಅಂತ ಕೇಳಿದರು. ಈ ಪುಸ್ತಕದ ಜೀವ ಇರುವುದೂ ಅಲ್ಲೇ. ಮಗಳು ಹೋದರೆ ತಾನು ಇನ್ನು ಯಾರ ಅಮ್ಮ ಅಂತ ಆ ತಾಯಿ ಹಿಂದೊಮ್ಮೆ ಅತ್ತಿರುತ್ತಾಳೆ, ಹೇಜಲ್ ಅದನ್ನು ಕೇಳಿಸಿಕೊಂಡಿರುತ್ತಾಳೆ. ಪ್ರೀತಿ ಮಾಡುವಾಗಲೂ ಆ ಮಾತು ಹುಡುಗಿಯ ತಲೆಯಲ್ಲೇ ಇರುತ್ತದೆ.

ಅಗಸ್ಟಸ್ ಮಾತ್ರ ಭಾಷಣ ಮಾಡುತ್ತಾನೆ. ಹಚ್ಚದ ಸಿಗರೇಟನ್ನು ಬಾಯಲ್ಲಿಟ್ಟುಕೊಂಡು ಅದಕ್ಕೊಂದು ಅರ್ಥ ಹೇಳುತ್ತಾನೆ. ಅಲ್ಲಿ ನಮ್ಮ ಹುಡುಗಿ ಬರೆದಿದ್ದಳು: ‘ಯಾವ ಹುಡುಗ ಹಿಂಗೆ ಮಾತಾಡ್ತಾನೆ ಚಿಕ್ಕಮ್ಮ?’ ನಿಜ, ಯಾರೂ ಹಾಗೆ ಮಾತಾಡುವುದಿಲ್ಲ. ಆದರೆ ಆ ವಯಸ್ಸಿನಲ್ಲಿ ಹಾಗೆ ಮಾತಾಡಬೇಕು ಅಂತ ಆಸೆ ಇರುತ್ತೆ, ಅಲ್ವಾ? ನನಗೆ ಇತ್ತು.

ಎರಡನೆಯದು ಜೆನ್ನಿ ಹ್ಯಾನ್ ಅವರ ‘ಟು ಆಲ್ ದ ಬಾಯ್ಸ್ ಐ ಹ್ಯಾವ್ ಲವ್ಡ್ ಬಿಫೋರ್’, 2014ರದ್ದು. 2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ಆಗಿಯೂ ಬಂತು. ಲಾರಾ ಜೀನ್ ಅನ್ನುವ 16 ವರ್ಷದ ಹುಡುಗಿ ತಾನು ಇಷ್ಟಪಟ್ಟ ಐದು ಹುಡುಗರಿಗೆ ಒಂದೊಂದು ಕಾಗದ ಬರೆದಿರುತ್ತಾಳೆ. ಕಳಿಸುವುದಕ್ಕಲ್ಲ, ಮನಸ್ಸಿನಿಂದ ತೆಗೆದುಹಾಕುವುದಕ್ಕೆ. ಅಮ್ಮ ಕೊಟ್ಟ ಟೋಪಿ ಡಬ್ಬದಲ್ಲಿ ಬಚ್ಚಿಟ್ಟಿರುತ್ತಾಳೆ. ಒಂದು ದಿನ ಅವೆಲ್ಲ ಅಂಚೆಗೆ ಬಿದ್ದುಬಿಡುತ್ತವೆ. ಮಾನ ಉಳಿಸಿಕೊಳ್ಳಲು ಆ ಐವರಲ್ಲೊಬ್ಬನ ಜೊತೆ ಲವ್ ಮಾಡುತ್ತಿರುವ ಹಾಗೆ ನಾಟಕ ಆಡುತ್ತಾಳೆ. ‘ಫೇಕ್ ಡೇಟಿಂಗ್’ ಅನ್ನುತ್ತಾರೆ ಇದಕ್ಕೆ. ರೀಲ್ಸ್‌ನಲ್ಲಿ ಪುಸ್ತಕ ತೋರಿಸುವ ಹುಡುಗಿಯರು ಕಥೆ ಹೇಳುವುದೇ ಇಲ್ಲ. ಫೇಕ್ ಡೇಟಿಂಗ್, ಎನಿಮೀಸ್ ಟು ಲವರ್ಸ್ (ಮೊದಲು ಜಗಳ, ಆಮೇಲೆ ಪ್ರೀತಿ), ಸ್ಲೋ ಬರ್ನ್ (ನಿಧಾನಕ್ಕೆ ಹುಟ್ಟುವ ಪ್ರೀತಿ) ಅಂತ ಬಗೆ ಹೇಳುತ್ತಾರೆ, ಅಷ್ಟೇ. ಹೋಟೆಲಲ್ಲಿ ಮಸಾಲೆನಾ, ಸೆಟ್ಟಾ ಅಂತ ಕೇಳುವ ಹಾಗೆ. ಮೊದಲೇ ಗೊತ್ತಿರುವ ರುಚಿಯನ್ನೇ ಮತ್ತೆ ಮತ್ತೆ ಕೇಳಿ ತರಿಸಿಕೊಳ್ಳುವುದರಲ್ಲಿ ಒಂದು ನೆಮ್ಮದಿ ಇದೆ. ಆದರೆ ಹಾಗೆ ಆರಿಸಿದ ಪುಸ್ತಕಗಳು ನಾಲ್ಕನೆಯದರ ಹೊತ್ತಿಗೆ ಒಂದರಂತೆ ಇನ್ನೊಂದು ಕಾಣತೊಡಗುತ್ತವೆ.

ಇದು ಹಾಗಲ್ಲ. ಇದರಲ್ಲಿ ಮೂವರು ಅಕ್ಕತಂಗಿಯರಿದ್ದಾರೆ. ದೊಡ್ಡವಳು ಓದಲು ಸ್ಕಾಟ್ಲೆಂಡಿಗೆ ಹೋದ ಮೇಲೆ ಮನೆಯ ಜವಾಬ್ದಾರಿ ಲಾರಾ ಜೀನ್ ಮೇಲೆ ಬೀಳುತ್ತದೆ. ಆ ಭಾಗ ಪ್ರೀತಿಯ ಭಾಗಕ್ಕಿಂತ ಚೆನ್ನಾಗಿದೆ. ಅಕ್ಕ ಮದುವೆಯಾಗಿ ಹೋದ ವರ್ಷ ನಮ್ಮ ಮನೆ ಹೇಗಿತ್ತು ಅಂತ ನನಗೆ ಗೊತ್ತು.

ಕಾಗದದ ವಿಷಯವೂ ಗೊತ್ತು. ಬಿಕಾಂ ಎರಡನೇ ವರ್ಷದಲ್ಲಿ ಗುಬ್ಬಿ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗನಿಗೆ ಅಕೌಂಟ್ಸ್ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಒಂದು ಕಾಗದ ಬರೆದಿದ್ದೆ. ನಿಟ್ಟೂರು ಕಡೆಯವನು. ಮಾತಾಡಿದ್ದು ಎರಡೇ ಸಲ. ಆ ಹಾಳೆಯನ್ನು ಹರಿದು ನೀರೊಲೆಗೆ ಹಾಕಿದೆ. ಅಂಥದ್ದನ್ನು ಬರೆದ ಹುಡುಗಿ ಕೆಟ್ಟವಳಲ್ಲ, ಅದೂ ಹೇಳಬಹುದಾದ ಕಥೆ ಅಂತ ನನಗೆ ಮೊದಲು ಹೇಳಿದ್ದು ಈ ಪುಸ್ತಕ. ಇದೊಂದಕ್ಕೇ ನಾನು ಇದನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ.

ಇದೇ ಪುಸ್ತಕದಲ್ಲಿ ನಮ್ಮ ಹುಡುಗಿಯ ಪೆನ್ಸಿಲ್ ದೊಡ್ಡದಾಗಿ ಬರೆದಿತ್ತು: ‘ಇವಳಿಗೆ ಮನೇಲಿ ಯಾರೂ ಏನೂ ಕೇಳಲ್ವಾ?’

ಲಾರಾ ಜೀನ್‌ಗೆ ಅಮ್ಮ ಇಲ್ಲ. ಅಪ್ಪ ಹೆರಿಗೆ ಡಾಕ್ಟರು, ಆಸ್ಪತ್ರೆಯಲ್ಲೇ ಹೆಚ್ಚು. ಆಮೇಲೆ ಗಮನಿಸಿದೆ, ಇಂಥ ಎಷ್ಟೋ ಕಾದಂಬರಿಗಳಲ್ಲಿ ಹೀಗೆಯೇ. ಅಪ್ಪ ಅಮ್ಮ ತೀರಿಕೊಂಡಿರಬೇಕು, ಬಿಟ್ಟುಹೋಗಿರಬೇಕು, ಇಲ್ಲವೇ ನೈಟ್ ಡ್ಯೂಟಿಯಲ್ಲಿರಬೇಕು. ಹುಡುಗಿಗೆ ಸ್ವಂತ ರೂಮು, ಆ ರೂಮಿಗೆ ಹಾಕಿಕೊಳ್ಳಲು ಬಾಗಿಲು, ಕಾರು. ನಮ್ಮ ಹುಡುಗಿ ಓದುವುದು ಹಾಲಿನಲ್ಲಿ. ಒಂದು ಕಡೆ ಟಿವಿ, ಇನ್ನೊಂದು ಕಡೆ ಅಜ್ಜಿಯ ಮಂಚ. ಫೋನು ಅವಳಮ್ಮನದು. ಬಸ್ಸಿನ ಕಂಡಕ್ಟರ್‌ಗೆ ಅವಳಪ್ಪ ಗೊತ್ತು. ಅಮಾನಿಕೆರೆ ಪಾರ್ಕಿನಲ್ಲಿ ಯಾರ ಜೊತೆಗಾದರೂ ಹತ್ತು ನಿಮಿಷ ಕೂತರೆ, ಅವಳು ಗುಬ್ಬಿ ತಲುಪುವ ಮೊದಲೇ ಸುದ್ದಿ ತಲುಪಿರುತ್ತದೆ. ಆಮೇಲೆ ಕೇಳುವ ಮೊದಲ ಪ್ರಶ್ನೆ ಹುಡುಗ ಒಳ್ಳೆಯವನಾ ಅಂತ ಅಲ್ಲ, ಯಾವ ಜನ ಅಂತ. ಅಮೆರಿಕದಲ್ಲಿ ಕೂತು ಬರೆದವರು ಗುಬ್ಬಿಯ ಕಥೆ ಬರೆಯಲಿ ಅಂತ ನಾನು ಕೇಳುತ್ತಿಲ್ಲ. ಆದರೆ ಪ್ರೀತಿಗೆ ಅಡ್ಡ ಬರುವುದು ಬರೀ ನಾಚಿಕೆ, ತಪ್ಪು ತಿಳಿವಳಿಕೆ ಮತ್ತು ಹುಡುಗನ ಹಳೇ ಗರ್ಲ್‌ಫ್ರೆಂಡ್ ಅಂತ 300 ಪುಟ ಓದಿದ ಹುಡುಗಿ, ಪುಸ್ತಕ ಮುಚ್ಚಿ ಬಸ್ಸಿನಿಂದ ಇಳಿಯುವುದು ಬೇರೆಯದೇ ಊರಿನಲ್ಲಿ. ಅದನ್ನು ಯಾರಾದರೂ ಅವಳ ಜೊತೆ ಕೂತು ಮಾತಾಡಬೇಕು.

ಸಂಧ್ಯಾ ಮೆನನ್ ಅವರ ‘ವೆನ್ ಡಿಂಪಲ್ ಮೆಟ್ ರಿಷಿ’ಯನ್ನು ಇದೇ ಕಾರಣಕ್ಕೆ ಆಸೆಯಿಂದ ತೆಗೆದುಕೊಂಡೆ. 2017ರ ಪುಸ್ತಕ. ಅಮೆರಿಕದಲ್ಲಿರುವ ನಮ್ಮವರ ಮಕ್ಕಳ ಕಥೆ. ಡಿಂಪಲ್‌ಗೆ ವೆಬ್ ಡೆವಲಪ್‌ಮೆಂಟ್ ಕಲಿಯುವ ಹುಚ್ಚು, ಅವಳಮ್ಮನಿಗೆ ಒಳ್ಳೇ ಗಂಡು ಸಿಗಲಿ ಅನ್ನುವ ಚಿಂತೆ. ಎರಡೂ ಮನೆಯವರು ಮೊದಲೇ ಮಾತಾಡಿಕೊಂಡಿರುವುದು ರಿಷಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಮೊದಲ ಭೇಟಿಯಲ್ಲೇ ‘ನನ್ನ ಮುಂದಿನ ಹೆಂಡತಿ’ ಅನ್ನುವ ಹಾಗೆ ಮಾತಾಡಿಸುತ್ತಾನೆ. ಅವಳು ಕೈಯಲ್ಲಿದ್ದ ಐಸ್ಡ್ ಕಾಫಿಯನ್ನು ಅವನ ಮೇಲೆ ಎರಚಿ ಓಡುತ್ತಾಳೆ. ನಾನು ರೈಲಿನಲ್ಲಿ ಜೋರಾಗಿ ನಕ್ಕೆ. ಇಲ್ಲಿ ಮನೆಯವರು ಹೇಳಿದ ಮದುವೆಗೆ ಹುಡುಗನದು ಒಪ್ಪಿಗೆ, ಹುಡುಗಿಯದು ತಕರಾರು. ಅದು ಹೊಸದು. ಅಪ್ಪ ಅಮ್ಮ ಇದ್ದಾರೆ, ಫೋನ್ ಮಾಡುತ್ತಾರೆ, ಬೈಯುತ್ತಾರೆ, ಪ್ರೀತಿಸುತ್ತಾರೆ.

ಬೇಸರ ಆಗಿದ್ದು ಮುಂದೆ. ಡಿಂಪಲ್ ಬಂದಿರುವುದು ಆಪ್ ಮಾಡುವ ಸ್ಪರ್ಧೆಗೆ. ಆದರೆ ಪುಟಗಳೆಲ್ಲ ಟ್ಯಾಲೆಂಟ್ ಶೋಗೆ, ಡ್ಯಾನ್ಸ್ ಪ್ರಾಕ್ಟೀಸಿಗೆ, ಪಾರ್ಟಿಗೆ ಹೋಗಿಬಿಡುತ್ತವೆ. ಕಂಪ್ಯೂಟರ್ ಸೈನ್ಸ್ ಓದುವ ನಮ್ಮ ಹುಡುಗಿ ಮೂರು ಕಡೆ ಬರೆದಿದ್ದಾಳೆ: ‘ಕೋಡಿಂಗ್ ಎಲ್ಲಿ?’ ಹುಡುಗಿಗೆ ಒಂದು ಕನಸು ಕೊಟ್ಟ ಮೇಲೆ ಆ ಕೆಲಸ ಮಾಡುವುದನ್ನೂ ತೋರಿಸಬೇಕಿತ್ತು. ಇನ್ನೊಂದು, ಇವರ ಮನೆಗಳಲ್ಲಿ ಇಂಡಿಯಾ ಅಂದರೆ ಹಿಂದಿ. ನಮ್ಮಂಥವರಿಗೆ ಅದೂ ಪರಊರೇ.

‘ಟ್ವೈಲೈಟ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸ್ಟೆಫನಿ ಮೇಯರ್ ಬರೆದದ್ದು, 2005ರದ್ದು. ಹಳೆಯದಾದರೂ ಈಗಲೂ ಹುಡುಗಿಯರು ಓದುತ್ತಾರೆ. 21ರಲ್ಲಿ ನಾನು ಎರಡು ರಾತ್ರಿಯಲ್ಲಿ ಮುಗಿಸಿದ್ದೆ, ಬಹಳ ಇಷ್ಟಪಟ್ಟಿದ್ದೆ. ಈಗ ಮತ್ತೆ ಓದಿದಾಗ ಮೈ ಉರಿಯಿತು. ರಕ್ತ ಕುಡಿಯುವ ವ್ಯಾಂಪೈರ್ ಹುಡುಗ ಎಡ್ವರ್ಡ್, ಬೆಲ್ಲಾ ಮಲಗಿರುವುದನ್ನು ನೋಡಲು ಅವಳಿಗೆ ಗೊತ್ತಿಲ್ಲದೆ ರಾತ್ರಿ ಅವಳ ರೂಮಿಗೆ ಬರುತ್ತಿರುತ್ತಾನೆ. ಅದು ಗೊತ್ತಾದಾಗ ಅವಳಿಗೆ ಒಳಗೊಳಗೇ ಖುಷಿಯಾಗುತ್ತದೆ. ಈ ಸರಣಿಯ ಮೂರನೇ ಪುಸ್ತಕದಲ್ಲಿ ಅವಳು ಗೆಳೆಯನನ್ನು ನೋಡಲು ಹೋಗಬಾರದು ಅಂತ ಅವಳ ಗಾಡಿಯ ಎಂಜಿನ್ನಿನ ಒಂದು ಭಾಗವನ್ನೇ ಬಿಚ್ಚಿಡುತ್ತಾನೆ. ನಿನ್ನ ಒಳ್ಳೆಯದಕ್ಕೆ ಅನ್ನುತ್ತಾನೆ. ಅವನು ನೋಡಲು ಚೆಲುವ, ದನಿ ಮೆತ್ತಗೆ. ಹಾಗಾಗಿ ಇದೆಲ್ಲ ಪ್ರೀತಿ ಅನ್ನಿಸಿಕೊಳ್ಳುತ್ತದೆ.

ಇದನ್ನು ಓದಿದ ಭಾನುವಾರ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಸಂಜೆ ಮಾಳಿಗೆ ಮೇಲೆ ಬಟ್ಟೆ ಮಡಚುತ್ತಾ ಒಂದು ಮಾತು ಹೇಳಿದಳು. ಅವಳ ಗೆಳತಿಯೊಬ್ಬಳಿಗೆ ಒಬ್ಬ ಹುಡುಗ ಇದ್ದಾನೆ. ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಇಸಿದುಕೊಂಡಿದ್ದಾನೆ. ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕಾಯುತ್ತಾನೆ, ಐದು ನಿಮಿಷ ತಡವಾದರೆ ಯಾರ ಜೊತೆ ಇದ್ದೆ ಅಂತ ಕೇಳುತ್ತಾನೆ.

‘ಎಲ್ಲರೂ ಎಷ್ಟು ಪೊಸೆಸಿವ್, ಲಕ್ಕಿ ಕಣೇ ನೀನು ಅಂತಾರೆ ಚಿಕ್ಕಮ್ಮ.’

‘ಅವಳು ಏನಂತಾಳೆ?’

‘ಮೊದಮೊದಲು ನಗ್ತಿದ್ಳು. ಈಗ ಊಟದ ಬೆಲ್ ಹೊಡೆದ್ರೂ ಹೊರಗೆ ಬರಲ್ಲ.’

ನಾನು ಬುದ್ಧಿ ಹೇಳಲಿಲ್ಲ. ಟ್ವೈಲೈಟ್ ತಂದು ಆ ರೂಮಿನ ಪುಟ ತೆಗೆದೆ. ನಾನು ಪೆನ್ಸಿಲಿನಲ್ಲಿ ಒಂದೇ ಮಾತು ಬರೆದಿದ್ದೆ: ‘ಬಾಗಿಲು ತಟ್ಟಬೇಕಿತ್ತು.’ ಅವಳು ಆ ಪುಟದ ಫೋಟೊ ತೆಗೆದು ಗೆಳತಿಗೆ ಕಳಿಸಿದಳು. ಆ ಹುಡುಗಿ ಈಗ ಪಾಸ್‌ವರ್ಡ್ ಬದಲಾಯಿಸಿದ್ದಾಳೆ. ಮನೆಯಲ್ಲಿ ಅಣ್ಣನಿಗೆ ಹೇಳಿದ್ದಾಳೆ, ಅಣ್ಣ ಬೈಯಲಿಲ್ಲವಂತೆ. ಹೀಗಾಗಿ ಈ ಪುಸ್ತಕ ಕೊಡಬೇಡಿ ಅಂತ ನಾನು ಹೇಳಲಾರೆ. ಒಬ್ಬಳೇ ಓದುವ ಹಾಗೆ ಮಾತ್ರ ಕೊಡಬೇಡಿ.

ಅಂದಹಾಗೆ, ಕಾಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ ಪುಸ್ತಕವನ್ನು ಹೂವಿನ ಮುಖಪುಟ ನೋಡಿ ಮಕ್ಕಳು ಕೇಳುತ್ತಾರೆ. ಅದು ಹೊಡೆಯುವ ಗಂಡನ ಕಥೆ, ಲೇಖಕಿ ತನ್ನ ತಾಯಿಯ ಬದುಕನ್ನು ನೆನೆದು ಬರೆದದ್ದು. ದೊಡ್ಡವರಿಗೆ ಬರೆದ ಪುಸ್ತಕ. ನಮ್ಮ ಹುಡುಗಿಗೆ ಇನ್ನೆರಡು ಮೂರು ವರ್ಷ ಆಗಲಿ ಅಂದಿದ್ದೇನೆ.

ಐದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಿಕೋಲಾ ಯೂನ್ ಅವರ ‘ದ ಸನ್ ಈಸ್ ಆಲ್ಸೋ ಎ ಸ್ಟಾರ್’. 2016ರದ್ದು. ನ್ಯೂಯಾರ್ಕಿನಲ್ಲಿ ಒಂದೇ ದಿನದಲ್ಲಿ ನಡೆಯುವ ಕಥೆ. ನತಾಶಾ ಜಮೈಕಾದವಳು, 17 ವರ್ಷ. ಅವರ ಮನೆಯವರ ಬಳಿ ಅಲ್ಲಿ ಇರಲು ಕಾಗದಪತ್ರ ಇಲ್ಲ. ಅಪ್ಪ ಕುಡಿದು ಗಾಡಿ ಓಡಿಸಿ ಪೊಲೀಸರ ಕೈಗೆ ಸಿಕ್ಕಿ ಎಲ್ಲ ಬಾಯಿಬಿಟ್ಟಿದ್ದಾನೆ. ಆ ರಾತ್ರಿಯೇ ಇಡೀ ಕುಟುಂಬ ದೇಶ ಬಿಡಬೇಕು. ಡೇನಿಯಲ್ ಕೊರಿಯಾದಿಂದ ಬಂದವರ ಮಗ. ಕವಿತೆ ಬರೆಯುತ್ತಾನೆ, ಮನೆಯವರಿಗೆ ಅವನು ಡಾಕ್ಟರ್ ಆಗಬೇಕು. ಅವತ್ತೇ ಅವನಿಗೆ ಕಾಲೇಜಿನ ಇಂಟರ್‌ವ್ಯೂ. ಇಲ್ಲಿ ದುಡ್ಡು ಇದೆ, ಅಂಗಡಿ ಇದೆ, ಅಪ್ಪನ ಸೋಲು ಇದೆ, ಬಣ್ಣದ ಬಗ್ಗೆ ಕೆಟ್ಟ ಮಾತು ಇದೆ, ಸರ್ಕಾರಿ ಕಚೇರಿಯ ಸಾಲು ಇದೆ. ಆ ಕಚೇರಿಯ ಬಾಗಿಲಲ್ಲಿ ಬ್ಯಾಗು ತಪಾಸಣೆ ಮಾಡುವ ಒಂಟಿ ಹೆಂಗಸಿಗೂ ಲೇಖಕಿ ಒಂದು ಅಧ್ಯಾಯ ಕೊಟ್ಟಿದ್ದಾರೆ. ಆ ಅಧ್ಯಾಯ ಓದಿದ ಮೇಲೆ ನಮ್ಮ ಆಫೀಸಿನ ಗೇಟಿನಲ್ಲಿ ಕೂರುವ ಅಕ್ಕನನ್ನು ನಾನು ನಿಂತು ಮಾತಾಡಿಸುತ್ತೇನೆ.

ಕಾಕತಾಳೀಯ ಜಾಸ್ತಿ ಆಯ್ತು ಅನ್ನುವುದು ನಿಜ. ಒಂದೇ ದಿನದಲ್ಲಿ ಪ್ರೀತಿಯಾ ಅಂತ ನಮ್ಮ ಹುಡುಗಿ ಜಗಳ ತೆಗೆದಳು. ಆದರೆ ಇದರಲ್ಲಿ ಎಲ್ಲೂ ‘ಮನೇಲಿ ಯಾರೂ ಕೇಳಲ್ವಾ’ ಅಂತ ಅವಳು ಬರೆದಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಫುಟ್‌ಪಾತಿನಲ್ಲಿ 150 ರೂಪಾಯಿಗೆ ಸಿಗುವ ಕಳ್ಳ ಪ್ರತಿ ತರಬೇಡಿ. ನಾನು ಒಂದು ಸಲ ತಂದಿದ್ದೆ. ಸರಿಯಾಗಿ ಜಗಳದ ಜಾಗದಲ್ಲಿ 16 ಪುಟ ಎರಡು ಸಲ ಬಂದು, ಅದರ ಮುಂದಿನ 16 ಪುಟ ಇರಲೇ ಇಲ್ಲ. ಅಂಟು ಬಿಟ್ಟು ಹಾಳೆ ಉದುರಿದವು. ಬರೆದವರಿಗೂ ಒಂದು ಪೈಸೆ ಹೋಗುವುದಿಲ್ಲ. ಬೇರೆಯವರು ಓದಿ ಮಾರಿದ ಅಸಲಿ ಪ್ರತಿ ಸಿಕ್ಕರೆ ಅದೇ ವಾಸಿ.

ನಮ್ಮಮ್ಮನ ಟ್ರಂಕಿನಲ್ಲಿ ‘ಸುಧಾ’, ‘ತರಂಗ’ಗಳ ಧಾರಾವಾಹಿ ಪುಟಗಳನ್ನು ಕತ್ತರಿಸಿ ಬೈಂಡ್ ಮಾಡಿಸಿದ ಕಾದಂಬರಿಗಳಿವೆ. ತ್ರಿವೇಣಿಯವರ ಪುಸ್ತಕಗಳೂ ಇವೆ. 34 ವರ್ಷಕ್ಕೇ ತೀರಿಕೊಂಡ ಹೆಣ್ಣುಮಗಳು, 1963ರಲ್ಲಿ. ಹೆಂಗಸರ ಮನಸ್ಸಿನ ಒಳಗೆ ಅವರು ಹೊಕ್ಕಷ್ಟು ಆಳಕ್ಕೆ ಈ ಐದರಲ್ಲಿ ಒಂದೂ ಹೋಗಿಲ್ಲ. ನಮ್ಮ ಹುಡುಗಿ ಅವನ್ನೂ ಓದಿದಳು. ಇಷ್ಟಪಟ್ಟಳು. ಆದರೆ ಅಲ್ಲಿ ಹೆಚ್ಚಿನವರು ಮದುವೆಯಾದವರು, ಇಲ್ಲವೇ ಮದುವೆಯ ಮಾತು ನಡೆಯುತ್ತಿರುವವರು. ‘ನನ್ನ ವಯಸ್ಸಿನವರು ಇಲ್ವಲ್ಲ ಚಿಕ್ಕಮ್ಮ’ ಅಂದಳು.

ಬೆಳಿಗ್ಗೆ ಏಳಕ್ಕೆ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಓಡುವ, ಸಿಇಟಿಗೆ ಹೆದರುವ, ಮೂರನೇ ಸೀಟಿನ ಹುಡುಗನನ್ನು ನೋಡಿಯೂ ನೋಡದ ಹಾಗೆ ಇರುವ ಹುಡುಗಿ ತಾನೇ ‘ನಾನು’ ಅಂತ ಹೇಳುವ ಕನ್ನಡ ಕಾದಂಬರಿ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೆಸರು ಹೇಳಿ. ಅದರಲ್ಲಿ ಅವಳ ಅಮ್ಮನೂ ಇರಬೇಕು, ಅಜ್ಜಿಯ ಮಂಚವೂ ಇರಬೇಕು. ಪರೀಕ್ಷೆ ಮುಗಿಯುವಷ್ಟರಲ್ಲಿ ತರಿಸಿ ಇಟ್ಟಿರುತ್ತೇನೆ. ಈ ಸಲ ಮೊದಲು ಅವಳು ಓದಲಿ.